ಗುರುಸಿದ್ದವ್ವನ ರೇಡಿಯೇಟರ್

ಗುರುಸಿದ್ದವ್ವನ ಅಂಬಾಸಿಡರ್ ಕಾರಿನ ಕಥೆ ಮುಗಿಯಿತು ಎಂದು ತೀರ್ಪು ಕೊಟ್ಟವನು ನಾನೇ. ಇಳಕಲ್ಲಿನಲ್ಲಿ ಇಪ್ಪತ್ತು ವರ್ಷ ಗ್ಯಾರೇಜು ನಡೆಸಿದವನು; ಅಂದಪ್ಪ ಮೇಸ್ತ್ರಿ ಎಂದರೆ ಹುನಗುಂದದವರೆಗೂ ಹೆಸರು. ಆ ಸೊಕ್ಕಿನಲ್ಲಿ ಬಾನೆಟ್ ಎತ್ತಿ, ಕುದಿದು ಉಕ್ಕುವ ನೀರು ನೋಡಿ, ಎಂಜಿನ್ನಿನ ಹೆಡ್ ಬಿರಿದು ನೀರು ಎಣ್ಣೆಗೆ ಇಳಿಯುತ್ತಿದೆ, ಹೆಡ್ ಹೋಗಿದೆ ಎಂದುಬಿಟ್ಟೆ. ಮುಟ್ಟಿ ಕೂಡ ನೋಡಿರಲಿಲ್ಲ.

ಅದು 2001ರ ಬೇಸಿಗೆ. ಗುರುಸಿದ್ದವ್ವ ನೇಕಾರರ ಮನೆಯವಳು. ಬಾಡಿಗೆ ಕಾರು ಓಡಿಸುತ್ತಿದ್ದ ಗಂಡ ಶಿವಪುತ್ರ ತೀರಿಕೊಂಡ ಮೇಲೆ, ಮಗ್ಗ ಬಿಟ್ಟು ತಾನೇ ಸ್ಟೇರಿಂಗ್ ಹಿಡಿದಳು. ಊರು ನಕ್ಕಿತು, ಆಕೆ ಹಾರ್ನ್ ಹೊಡೆದಳು. ಕೂಡಲಸಂಗಮಕ್ಕೆ ಹೊರಟ ಮುದುಕಿಯರು ಆಕೆಯ ಕಾರನ್ನೇ ಹುಡುಕತೊಡಗಿದರು. ಗಂಡನ ಅಣ್ಣ ಶಂಕ್ರಪ್ಪನಿಗೆ ಮಾತ್ರ ಇದು ಮನೆತನದ ಮರ್ಯಾದೆ ಕಳೆಯುವ ಕೆಲಸ. ಕಾರು ಮಾರಿ ಆಕೆ ಮತ್ತೆ ಮಗ್ಗಕ್ಕೆ ಕೂರಬೇಕು ಎಂಬುದು ಅವನ ಹಟ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ನನ್ನ ತೀರ್ಪು ಕೇಳಿದ ದಿನವೇ ಅವನು ಬಾಗಲಕೋಟೆಯ ಗಿರಾಕಿಯೊಬ್ಬನಿಗೆ ಸೋಮವಾರ ಬರಲು ಹೇಳಿದ.

ಶುಕ್ರವಾರ ಬೆಳಿಗ್ಗೆ ಗುರುಸಿದ್ದವ್ವ ನನ್ನೆದುರು ನಿಂತಿದ್ದಳು.

"ಅಂದಪ್ಪಣ್ಣ, ಎಣ್ಣಿ ಹಾಲಿನಂಗ ಬೆಳ್ಳಗಾಗೇತೇನು? ಇಲ್ಲ. ಹೊಗಿ ಪೈಪಿನಾಗ ಬಿಳಿ ಉಗಿ ಬರ್ತೈತೇನು? ಅದೂ ಇಲ್ಲ. ಮತ್ತ ಹೆಡ್ ಹೆಂಗ ಹೋತು?"

ನನಗೆ ಸಿಟ್ಟು ಬಂತು. ಆಕೆ ಎಂಜಿನ್ ಬಿಸಿಯಾಗುವವರೆಗೆ ಓಡಿಸಿ ಬಂದ್ ಮಾಡಿದಳು. ಸೀರೆಯಲ್ಲಿ ತಪ್ಪಿದ ಎಳೆ ಹುಡುಕುವವಳಂತೆ ರೇಡಿಯೇಟರಿನ ಮೇಲೆ ಅಂಗೈ ಸರಿಸುತ್ತ ಹೋದಳು. ಮೇಲ್ಗಡೆ ಸುಡುತ್ತಿತ್ತು. ನಡುವೆ ಮಾತ್ರ ಅಲ್ಲಲ್ಲಿ ಉದ್ದುದ್ದ ಪಟ್ಟಿ ತಣ್ಣಗಿತ್ತು. ನನ್ನ ಕೈ ಹಿಡಿದು ಅಲ್ಲಿಟ್ಟಳು. ಆ ನಳಿಗೆಗಳಲ್ಲಿ ನೀರೇ ಹರಿಯುತ್ತಿರಲಿಲ್ಲ. ಎಂಜಿನ್ ನೆಟ್ಟಗಿತ್ತು, ಕೆಟ್ಟಿದ್ದು ನನ್ನ ಬುದ್ಧಿ.

ಮೇಲಿನ ತಗಡು ಬಿಚ್ಚಿದರೆ ಒಳಗೆಲ್ಲ ಹಳದಿ ರಾಡಿ. ರೇಡಿಯೇಟರ್ ಸೋರಿದರೆ ಚಿಟಿಕೆ ಅರಿಸಿನ ಹಾಕಿ ತೂತು ಮುಚ್ಚುವುದು ನಮ್ಮ ಡ್ರೈವರುಗಳ ಮನೆಮದ್ದು. ಗುರುಸಿದ್ದವ್ವ ಮಾತ್ರ ಎರಡು ವರ್ಷ, ಪ್ರತಿ ಅಮಾವಾಸ್ಯೆ ಗಾಡಿ ಪೂಜೆ ಮುಗಿಸಿ, ಮುಂದೆಯೂ ಸೋರದಿರಲಿ ಎಂದು ಉಳಿದ ಅರಿಸಿನವನ್ನೆಲ್ಲ ಭಕ್ತಿಯಿಂದ ಸುರಿದಿದ್ದಳು. ನಮ್ಮ ಬೋರ್‌ವೆಲ್ಲಿನ ಸವಳು ನೀರು ಸೇರಿ ಅದು ಗಾರೆಯಾಗಿತ್ತು.

ಸುದ್ದಿ ಮುಟ್ಟಿದ್ದೇ ಶಂಕ್ರಪ್ಪ ಓಡಿ ಬಂದ. ಹೆಂಗಸರ ಕೈಗೆ ಗಾಡಿ ಕೊಟ್ಟರೆ ಹೀಗೇ ಎಂದು ಓಣಿಗೆಲ್ಲ ಕೇಳುವಂತೆ ಹೇಳಿದ. ಆಕೆ ರೇಡಿಯೇಟರಿನಿಂದ ಕಣ್ಣೆತ್ತಲಿಲ್ಲ. "ಹಾಕಿದಾಕಿ ನಾನು, ತೆಗಿಯಾಕಿನೂ ನಾನಽ" ಎಂದಳು. ತೆಳು ಉಕ್ಕಿನ ಪಟ್ಟಿ ತೆಗೆದುಕೊಂಡು, ಮಗ್ಗದ ಹಣಿಗೆಯಲ್ಲಿ ಎಳೆ ಪೋಣಿಸಿದ ಕೈಯಿಂದಲೇ ಒಂದೊಂದು ನಳಿಗೆ ಬಿಡಿಸಿದಳು. ನಾನು ತೆಪ್ಪಗೆ ಬೆಸುಗೆ ಹಾಕಿದೆ.

ರವಿವಾರ ಸುಡು ಮಧ್ಯಾಹ್ನ ನಮ್ಮಿಬ್ಬರನ್ನೂ ಹತ್ತಿಸಿಕೊಂಡು ಸಂಗಮಕ್ಕೆ ಹೊರಟಳು. ದಾರಿಯಲ್ಲಿ ಉಗಿ ಏಳುತ್ತದೆಂಬ ಆಸೆಯಿಂದಲೇ ಶಂಕ್ರಪ್ಪ ಹತ್ತಿದ್ದ. ಹುನಗುಂದ ದಾಟಿದೆವು, ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ನಡುವೆಯೇ ನಿಂತಿತ್ತು. ಸಂಗಮದಲ್ಲಿ ಇಳಿದು ನಾನೇ ಬಾನೆಟ್ ಎತ್ತಿ ಕೈಯಿಟ್ಟೆ. ಎಲ್ಲೂ ತಣ್ಣನೆಯ ಪಟ್ಟಿ ಇರಲಿಲ್ಲ.

ಭಾವನೆದುರು ಎಂದೂ ಮುಖವೆತ್ತಿ ಮಾತಾಡದವಳು ಅಂದು ನೇರ ನೋಡಿ ಮಾತಾಡಿದಳು.

"ಭಾವಾರ, ಗಾಡಿ ಮಾರೂದಿಲ್ಲ. ನಾಳಿ ಬರೂ ಗಿರಾಕಿಗೆ ಬರಬ್ಯಾಡ ಅಂತ ನೀವಽ ಹೇಳ್ರಿ. ನನ್ನ ಗಾಡ್ಯಾಗ ಕೂಡ್ರಾಕ ನಾಚಿಕಿ ಬಂದ್ರ, ನಾಕಕ್ಕ ಬಸ್ ಐತಿ."

ನಾಲ್ಕಕ್ಕೆ ಇನ್ನೂ ಎರಡು ತಾಸಿತ್ತು. ಶಂಕ್ರಪ್ಪ ಬಿಸಿಲು ನೋಡಿದ, ರಸ್ತೆ ನೋಡಿದ, ನನ್ನನ್ನೂ ನೋಡಿದ. ಕೊನೆಗೆ ಹಿಂದಿನ ಬಾಗಿಲು ತೆಗೆದು ಕುಳಿತ. ಗುರುಸಿದ್ದವ್ವ ಕನ್ನಡಿಯಲ್ಲಿ ಅವನನ್ನೊಮ್ಮೆ ನೋಡಿ, ಬಾಗಿಲು ಗಟ್ಟಿಯಾಗಿ ಹಾಕಿಕೊಳ್ಳಿ ಎಂದಳು.