ಬೆವರುವ ಕಲ್ಲು, ಬೇಯದ ಬೇಳೆ

ಒಂದು ಕಲ್ಲಂತೆ. ಅದರೊಳಗೆ ಸಾವಿರ ಕೋಣೆಗಳಂತೆ, ಒಂದಕ್ಕೂ ಕದವಿಲ್ಲವಂತೆ. ಬೆಂಕಿ ತೋರಿಸಿದರೆ ಒಳಗಿದ್ದವರೆಲ್ಲ ನಿಟ್ಟುಸಿರು ಬಿಡುತ್ತ ಹೊರಗೆ ಬರುತ್ತಾರಂತೆ.

ಆ ಕಲ್ಲು ಬಳ್ಳಾರಿಯಲ್ಲಿದೆ. ಕೋಟೆಗುಡ್ಡದ ನೆರಳು ಇನ್ನೂ ಕರಗದ ನಸುಕಿನಲ್ಲಿ, ಕಾಲೇಜಿನ ಹಿಂಬದಿಯ ಕೋಣೆಯಲ್ಲಿ, ರಸಾಯನಶಾಸ್ತ್ರದ ಪಾಠ ಹೇಳುವ ಗಾದಿಲಿಂಗಪ್ಪನವರು ಅದನ್ನು ಗಾಜಿನ ನಳಿಕೆಗೆ ಹಾಕಿ ಇದ್ದಿಲ ಒಲೆಯ ಮೇಲೆ ಹಿಡಿಯುತ್ತಾರೆ. ಮುಟ್ಟಿದರೆ ಒಣ ಕಲ್ಲು. ಆದರೂ ಸಣ್ಣಗೆ ಸುಯ್ಯೆನ್ನುತ್ತದೆ, ಮೈ ಅಲುಗಿಸುತ್ತದೆ. ನಳಿಕೆಯ ಕುತ್ತಿಗೆಯಲ್ಲಿ ಹನಿಗಳು ಮೂಡುತ್ತವೆ. ಕೋಣೆಯಲ್ಲಿ ಇನ್ನಾರೋ ಉಸಿರಾಡುತ್ತಿದ್ದಾರೆ ಅನ್ನಿಸಿ, ನೋಡಲು ಬಂದ ನಾನು ಒಂದು ಹೆಜ್ಜೆ ಹಿಂದೆ ಸರಿಯುತ್ತೇನೆ.

“ಅಂಜಬ್ಯಾಡಮ್ಮಾ, ಬೆವರತೈತಿ ಅಷ್ಟ,” ಅನ್ನುತ್ತಾರೆ ಅವರು. “ಆರಿದ ಮ್ಯಾಲೆ ಗಾಳಿಯಾಗಿನ ನೀರು ಕುಡದು ಮತ್ತ ಮೊದಲಿನ ತೂಕಕ್ಕ ಬರತೈತಿ.”

ಜಿಯೋಲೈಟ್ ಎಂದು ಇದರ ಹೆಸರು. ಪುಣೆಯ ಕಡೆ ರೈಲುದಾರಿಗೆಂದು ಕಡಿದ ಬಂಡೆಗಳಿಂದ ಮೂಟೆ ಕಟ್ಟಿ ತಂದದ್ದು. ಹದಿನಾರು ವರ್ಷಗಳಿಂದ ದಿನಕ್ಕೆ ಹನ್ನೆರಡು ತುಂಡು, ಒಂದೊಂದಕ್ಕೆ ಮೂರು ಸಲ ತೂಕ. ಯುದ್ಧದ ವರ್ಷಗಳಲ್ಲಿ ನಳಿಕೆ ಸಿಗದೆ ಔಷಧದ ಸೀಸೆಗಳನ್ನೇ ಕೊರೆದುಕೊಂಡರು. ಬೆಳಕು ಹಾಯಿಸಿ ಕಲ್ಲಿನ ಒಳಗನ್ನು ಓದುವ ಯಂತ್ರಗಳು ಪರದೇಶದಲ್ಲಿವೆಯಂತೆ. ಇವರು ಅಲ್ಲಿಗೆ ಬರೆದ ಕಾಗದಕ್ಕೆ ಉತ್ತರ ಬಂದಿಲ್ಲ.

ಈ ತಿಂಗಳು ಮಾತ್ರ ಅವರು ಯಂತ್ರದ ಮಾತೆತ್ತುತ್ತಿಲ್ಲ. ಕುರುಗೋಡಿನಲ್ಲಿರುವ ತಮ್ಮ ಅಕ್ಕ ಅಕ್ಕನಾಗಮ್ಮನಿಗೆ ಒಂದು ಮಾತು ಕೊಟ್ಟಿದ್ದಾರೆ.

ಅಕ್ಕನಾಗಮ್ಮನ ಹಿತ್ತಲಿನ ಹೊಸ ಬಾವಿಯ ನೀರು ಕನ್ನಡಿಯಂತಿದೆ. ಆದರೆ ಆ ನೀರು ಕಾಯಿಸಿದ ಗಡಿಗೆಯೊಳಗೆ ಎಲುಬಿನಂಥ ಬಿಳಿ ಹೊಪ್ಪಳೆ ಕಟ್ಟುತ್ತದೆ. ತೊಗರಿಬೇಳೆ ಬೆಳಿಗ್ಗೆ ಇಟ್ಟರೆ ಮಧ್ಯಾಹ್ನಕ್ಕೂ ಹರಳಿನ ಹಾಗೇ. ಬಾವಿಯೊಳಗಿನ ಯಾರೋ ಬೇಳೆಯನ್ನು ಮುಷ್ಟಿಯಲ್ಲಿ ಬಿಗಿಹಿಡಿದಿದ್ದಾರೆ ಅಂತ ಓಣಿಯ ಹೆಂಗಸರು ಸಂಜೆ ಆ ಕಡೆ ಸುಳಿಯುವುದಿಲ್ಲ. ಅಕ್ಕನಾಗಮ್ಮನ ಬೆರಳು ಮಾತ್ರ ಸೊಸೆ ಕೊಟ್ರಬಸಮ್ಮನ ಕಡೆಗಿದೆ.

“ಇಕಿ ಕೈಯಾಗ ಕೇಡು ಐತಿ. ಅಮಾಸಿ ದಿನ ಉಡಿ ತುಂಬಿ ತವರುಮನಿ ದೇಶನೂರಿಗಿ ಕಳಸತೀನಿ. ಅಕ್ಕಿ, ಕಾಯಿ, ಕುಬಸದ ಕಣ ಎಲ್ಲಾ ತಂದಿಟ್ಟೀನಿ.”

“ಅಕ್ಕಾ, ಬಾವಿನೂ ಸೊಸಿನೂ ಒಂದ ತಿಂಗಳದಾಗ ಬಂದಾವ. ನೀ ಸೊಸೀನ ಯಾಕ ಹಿಡದಿ? ನೀರಿನಾಗ ಸುಣ್ಣ ಐತಿ, ನಾ ತಗದು ಕೊಡತೀನಿ.”

“ಹೋಗಲೇ! ಕಲ್ಲು ಬೇಯಸಾಕ ಪಗಾರ ತಗೊಳ್ಳಾಂವ, ನೀನೇನು ಬ್ಯಾಳಿ ಬೇಯಸ್ತಿ?”

ಕೊಟ್ರಬಸಮ್ಮ ಬಾಗಿಲ ಮರೆಯಿಂದ ಅಂಗೈ ಚಾಚುತ್ತಾಳೆ. “ಮಾವಾ, ಇದರಾಗ ಏನರ ಕಾಣತೈತೇನ್ರಿ? ರಾತ್ರಿ ಇದು ನನ್ನ ಕೈಯಲ್ಲ ಅನಸತೈತ್ರಿ.”

ಅವಳಿಗೆ ಇನ್ನೂ ಹದಿನೇಳು.

ಕಲ್ಲನ್ನು ಮರಳಿನಂತೆ ಕುಟ್ಟಿ, ತೂತಿನ ಗಡಿಗೆಗೆ ತುಂಬಿ, ಬಾವಿಯ ನೀರು ಸೋಸುವುದು ಉಪಾಯ. ಸುಣ್ಣ ಕಲ್ಲಿನ ಕೋಣೆಗಳಲ್ಲಿ ಉಳಿಯಬೇಕು. ಮೊದಲ ಸಲ ಉಳಿಯಲಿಲ್ಲ. ಯಾವುದನ್ನಾದರೂ ಕೆಂಪಗೆ ಕಾಯಿಸಿ ಶುದ್ಧಮಾಡುವುದು ಪ್ರಯೋಗಶಾಲೆಯ ಹಳೆಯ ಚಟ. ಸಣ್ಣ ಕಾವಿಗೇ ಬೆವರುವ ಇದನ್ನೂ ಹಾಗೇ ಕೆಂಪಗೆ ಕಾಯಿಸಿಬಿಟ್ಟಿದ್ದರು. “ಒಳಗಿನ ಕೋಣಿ ಎಲ್ಲಾ ಕುಸಿದುಬಿಟ್ಟಿದ್ವು. ನನ್ನ ಕೈಯಾರ ಕಲ್ಲು ಸತ್ತಿತ್ತಮ್ಮಾ,” ಅನ್ನುತ್ತಾರೆ ತಗ್ಗಿದ ದನಿಯಲ್ಲಿ. ಸತ್ತ ಕಲ್ಲನ್ನು ಎಷ್ಟು ದಿನ ಬಿಟ್ಟು ತೂಗಿದರೂ ತಕ್ಕಡಿಯ ಮುಳ್ಳು ಇದ್ದಲ್ಲಿಂದ ಕದಲುವುದಿಲ್ಲ. ಮಳೆಯ ಗಾಳಿಗೂ ಅದು ಹನಿ ನೀರು ಕುಡಿಯುವುದಿಲ್ಲ.

ಅಮಾವಾಸ್ಯೆಗೆ ಐದು ದಿನ. ಈ ಬಾರಿ ಬೆಂಕಿಯಿಲ್ಲ, ಉಪ್ಪು: ಅದು ಮೊದಲೇ ಕೋಣೆಗಳಲ್ಲಿ ಕೂತು, ಸುಣ್ಣ ಬಂದಾಗ ಜಾಗ ಬಿಟ್ಟುಕೊಡಬೇಕು. ಹೊಸ ಕಲ್ಲಿನ ಪುಡಿಯನ್ನು ಉಪ್ಪುನೀರಿನಲ್ಲಿ ನಾಲ್ಕು ದಿನ ನೆನೆಸಿ, ನಾಲಿಗೆಗೆ ಉಪ್ಪು ಹತ್ತದಂತಾಗುವವರೆಗೆ ತೊಳೆದು, ಬಸ್ಸಿನಲ್ಲಿ ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹೋಗುತ್ತಾರೆ.

ಅಮಾವಾಸ್ಯೆಯ ಬೆಳಿಗ್ಗೆ ಬಾವಿಯ ನೀರು ಹನಿಹನಿಯಾಗಿ ಇಳಿಯುತ್ತದೆ. ಒಲೆ ಹೊತ್ತಿಸುವವಳು ಕೊಟ್ರಬಸಮ್ಮನೇ ಆಗಬೇಕೆಂದು ಗಾದಿಲಿಂಗಪ್ಪನವರ ಹಟ. ಸೋಸಿದ ನೀರಿಗೆ ಅವಳೇ ತೊಗರಿಬೇಳೆ ಹಾಕುತ್ತಾಳೆ. ನೀರು ಮರಳುತ್ತದೆ.

ಗಳಿಗೆ ಕಳೆದ ಮೇಲೆ ಅಕ್ಕನಾಗಮ್ಮ ಸೌಟಿನಿಂದ ಒಂದು ಬೇಳೆ ಎತ್ತಿ ಎರಡು ಬೆರಳ ನಡುವೆ ಹಿಚುಕುತ್ತಾಳೆ. ಅದು ಬೆಣ್ಣೆಯಂತೆ ಹರಡುತ್ತದೆ. ಇನ್ನೊಂದು ಎತ್ತುತ್ತಾಳೆ. ಅದೂ ಹಾಗೆಯೇ. ಬೆರಳು ಸೆರಗಿಗೆ ಒರೆಸಿಕೊಂಡು ಸೊಸೆಯ ಮುಖ ನೋಡದೆ ಹೇಳುತ್ತಾಳೆ:

“ಸುಮ್ಮನ ನಿಂತಿಯಲ್ಲ, ಒಗ್ಗರಣಿ ಹಾಕು. ನಿನ್ನ ಮಾವ ಉಪವಾಸ ಬಂದಾನ.”