ಚರಂಡಿಯ ಅಂಚಿನ ಶಿವನಂಜಪ್ಪನವರು

ಶಿವನಂಜಪ್ಪನವರು ನಡೆಯುವಾಗ ಯಾವಾಗಲೂ ನೆಲ ನೋಡುತ್ತಿದ್ದರು. ತಲೆ ಎತ್ತಿದರೆಂದರೆ ಯಾರದೋ ಮನೆಯ ಮಾಡು ಬೀದಿಗೆ ಚಾಚಿದೆ ಎಂದೇ ಅರ್ಥ. ಬೆಳಗ್ಗೆ ಆರೂವರೆಗೆ ಸರಿಯಾಗಿ ಖಾಕಿ ಕೋಟು, ಬಿಳಿ ಪಂಚೆ ತೊಟ್ಟು, ಒಂದು ಕೈಯಲ್ಲಿ ಸುಣ್ಣದ ನೀರಿನ ಡಬ್ಬ, ಇನ್ನೊಂದರಲ್ಲಿ ಈಚಲಿನ ಕುಂಚ ಹಿಡಿದು ನಮ್ಮ ಬೀದಿಯ ಮೇಲ್ತುದಿಯಿಂದ ಇಳಿಯುತ್ತಿದ್ದರು. ಅವರು ರಸ್ತೆಯ ನಡುವೆ ನಡೆದದ್ದನ್ನು ನಾನು ಕಂಡಿಲ್ಲ. ಚರಂಡಿಯ ಅಂಚಿನ ಕಲ್ಲಿನ ಮೇಲೇ ಒಂದು ಕಾಲಿನ ಮುಂದೆ ಇನ್ನೊಂದು ಕಾಲಿಟ್ಟು, ಹಗ್ಗದ ಮೇಲೆ ನಡೆಯುವವರ ಹಾಗೆ ಹೋಗುತ್ತಿದ್ದರು.

ಐವತ್ತರ ದಶಕದ ಕೊನೆಯಲ್ಲಿ ನಾನು ಹೆಣ್ಣುಮಕ್ಕಳ ಶಾಲೆಗೆ ಉಪಾಧ್ಯಾಯಿನಿಯಾಗಿ ಸಕಲೇಶಪುರಕ್ಕೆ ಬಂದೆ. ಗಂಟೆ ಹೊಡೆದರೆ ಏಳುವ, ಗಂಟೆ ಹೊಡೆದರೆ ಉಣ್ಣುವ ಹಾಸ್ಟೆಲಿನಲ್ಲಿ ಬೆಳೆದವಳು ನಾನು. ಆ ಊರಿನಲ್ಲಿ ಬಸ್ಸಿಗೂ ಸಮಯವಿರಲಿಲ್ಲ, ಮಳೆಗೂ ಸಮಯವಿರಲಿಲ್ಲ. ಸಮಯ ಇದ್ದದ್ದು ಶಿವನಂಜಪ್ಪನವರಿಗೆ ಮಾತ್ರ. ಅವರು ನನ್ನ ಕಿಟಕಿ ದಾಟಿದ್ದನ್ನು ನೋಡಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದೆ.

ಅವರು ಪುರಸಭೆಯ ಓವರ್ಸಿಯರ್. ನಮ್ಮ ಬೀದಿ ಹೇಮಾವತಿಯ ಕಡೆಗೆ ಕಡಿದಾಗಿ ಇಳಿಯುತ್ತದೆ. ಒಂದೇ ಪಕ್ಕದಲ್ಲಿ ಚರಂಡಿ. ಮೇಲಿನ ಗುಡ್ಡದ ನೀರೆಲ್ಲ ಆ ಚರಂಡಿಯಲ್ಲಿ ಓಡಿ, ಬೀದಿಯ ಕೆಳತುದಿಯಲ್ಲಿ ರಸ್ತೆಯಡಿಯ ಮೋರಿಗೆ ಇಳಿಯಬೇಕು. ಚರಂಡಿಯ ಅಂಚಿನಿಂದ ಮೂರು ಅಡಿಯೊಳಗೆ ಯಾರೂ ಏನೂ ಕಟ್ಟಕೂಡದು, ಮಾಡು ಇಳಿಸಕೂಡದು ಎಂಬುದು ನಿಯಮ. ಜನರೋ ಪ್ರತಿ ಬೇಸಿಗೆಯಲ್ಲಿ ಒಂದು ಚಪ್ಪಡಿ, ಒಂದು ಮೆಟ್ಟಿಲು, ಒಂದು ತಗಡು ಎಂದು ಮುಂದೆ ಮುಂದೆ ಬರುತ್ತಿದ್ದರು. ಮೇ ತಿಂಗಳಲ್ಲಿ ಇವರು ಬಂದು ಸುಣ್ಣದ ಗೆರೆ ಎಳೆಯುತ್ತಿದ್ದರು. ಗೆರೆ ದಾಟಿ ಚರಂಡಿಯ ಕಡೆ ಬಂದದ್ದೆಲ್ಲ ಹದಿನೈದು ದಿನದಲ್ಲಿ ಹೋಗಬೇಕು.

"ನೀರಿಗೂ ಒಂದು ಓಣಿ ಬೇಕು ಕಣ್ರೀ. ನಾವು ಕೊಟ್ರೆ ಮರ್ಯಾದೆಯಾಗಿ ಹೋಗ್ತದೆ. ಕೊಡ್ದಿದ್ರೆ ಅದೇ ತಗೊಂಬುಡ್ತದೆ" ಎನ್ನುತ್ತಿದ್ದರು. ಇಷ್ಟು ಹೇಳಿ, ಯಾರು ಏನು ಬೈದರೂ ಗೆರೆ ಎಳೆಯುತ್ತ ಮುಂದೆ ಹೋಗುತ್ತಿದ್ದರು.

ನಾನು ಬರುವುದಕ್ಕೆ ಕೆಲವು ವರ್ಷ ಹಿಂದೆ ಅವರು ಮೊದಲು ಒಡೆಸಿದ್ದು ತಮ್ಮ ಮನೆಯ ಮೆಟ್ಟಿಲನ್ನೇ ಅಂತೆ. ಅವರ ಮನೆಯೂ ಅದೇ ಬೀದಿಯಲ್ಲಿತ್ತು. ಕಲ್ಲು ಗೆರೆಯಿಂದ ಅರ್ಧ ಅಡಿ ಆಚೆ ಬಂದಿತ್ತು. ಹೆಂಡತಿ ಬಾಗಿಲಲ್ಲಿ ನಿಂತು, "ಮೆಟ್ಲು ಕಿತ್ರೆ ಒಳೀಕೆ ಬರೋದು ಹೆಂಗೆ?" ಎಂದು ಕೂಗಿದರಂತೆ. ಇವರು ತಲೆ ಎತ್ತದೆ, "ಕಾಲು ಎತ್ತಿ ಬಾ" ಎಂದರಂತೆ. ನಾನು ನೋಡುವಾಗಲೂ ಆ ಮನೆಗೆ ಬಂದ ನೆಂಟರು ಹಾರಿಯೇ ಒಳಗೆ ಹೋಗುತ್ತಿದ್ದರು.

ಆಮೇಲೆ ಹೋದದ್ದು ಹುಸೇನ್ ಸಾಹೇಬರ ಕಟ್ಟೆ. ಅವರದು ಕಾಫಿ ಮೂಟೆಯ ವ್ಯಾಪಾರ, ಎರಡು ಲಾರಿ ಇದ್ದವು. ಲಾರಿಗೆ ಮೂಟೆ ಏರಿಸಲು ಅವರ ತಂದೆ ಕಟ್ಟಿಸಿದ್ದ ಕಲ್ಲಿನ ಕಟ್ಟೆ ಪೂರ್ತಿ ಚರಂಡಿಯ ಮೇಲಿತ್ತು. ಸಾಹೇಬರು ಒಂದು ವಾರ ವಾದ ಮಾಡಿದರು. ಎಂಟನೆಯ ದಿನ ತಮ್ಮ ಹಮಾಲರಿಂದಲೇ ಒಡೆಸಿದರು. "ಈ ಮನುಷ್ಯ ಸ್ವರ್ಗಕ್ಕೆ ಹೋದ್ರೂ ಬಾಗಿಲು ಎಷ್ಟು ಅಡಿ ಮುಂದೈತೆ ಅಂತ ಅಳೀತಾನೆ" ಎಂದು ನಕ್ಕರು. ಶಿವನಂಜಪ್ಪನವರು ಮಾತ್ರ ನಗಲಿಲ್ಲ. "ಅಳೀಬೇಕಾದ್ದೇ" ಎಂದರು.

ಬೀದಿಯಲ್ಲಿ ಅವರ ಬಗ್ಗೆ ಎರಡು ಪಕ್ಷಗಳಿದ್ದವು. ಮೇಲ್ತುದಿಯಲ್ಲಿದ್ದ ನಮಗೆ ಗುಡ್ಡದ ನೀರಿನ ಭಯ, ಹಾಗಾಗಿ ನಿಯಮ ಇನ್ನೂ ಬಿಗಿಯಾಗಲಿ ಎನ್ನುತ್ತಿದ್ದೆವು. ನಡುಬೀದಿಯ ಅಂಗಡಿಯವರು, "ಬಡವ್ರು ಒಂದು ಹಲಗೆ ಮುಂದಕ್ಕಿಟ್ರೆ ಊರು ಮುಳ್ಗೋಯ್ತದಾ?" ಎನ್ನುತ್ತಿದ್ದರು. ಆದರೆ ಒಂದು ವಿಷಯದಲ್ಲಿ ಎರಡು ಪಕ್ಷವೂ ಒಂದೇ ಆಗಿತ್ತು. ಅದು ಪುಟ್ಟಮ್ಮನ ಮಾಡು.

ಪುಟ್ಟಮ್ಮ ಬೀದಿಯ ಕೆಳತುದಿಯಲ್ಲಿ, ಮೋರಿಯ ಬಾಯಿಯ ಪಕ್ಕ, ಒಂದೇ ಕೋಣೆಯ ಮನೆಯಲ್ಲಿದ್ದ ವಿಧವೆ. ಆಕೆ ಗೊರಬು ಹೆಣೆಯುತ್ತಿದ್ದಳು. ಮಳೆಯಲ್ಲಿ ಗದ್ದೆ ನಾಟಿಯವರು, ಎಸ್ಟೇಟಿನ ಆಳುಗಳು ತಲೆಯಿಂದ ಸೊಂಟದವರೆಗೆ ಹೊದ್ದುಕೊಳ್ಳುವ ಬಿದಿರು, ಎಲೆಗಳ ಗೊರಬು. ಒಂದೊಂದೂ ಬಾಗಿಲಿನಷ್ಟು ಅಗಲ. ಕೋಣೆಯೊಳಗೆ ಇಟ್ಟು ಹೆಣೆಯಲಾಗದು. ಅದಕ್ಕಾಗಿ ಚರಂಡಿಯ ಮೇಲೆ, ಮೋರಿಯ ಬಾಯಿಯನ್ನೇ ಮುಚ್ಚುವಂತೆ ನಾಲ್ಕು ಕಂಬ ನೆಟ್ಟು ತಗಡಿನ ಮಾಡು ಇಳಿಸಿದ್ದಳು. ಅದರಡಿಯಲ್ಲೇ ಕೆಲಸ, ಅದರಡಿಯಲ್ಲೇ ನಿದ್ದೆ. ನಿಯಮದ ಪ್ರಕಾರ ಬೀದಿಯ ಅತಿ ದೊಡ್ಡ ಒತ್ತುವರಿ ಅದೇ. ಪ್ರತಿ ಮೇ ತಿಂಗಳಲ್ಲೂ ಸುಣ್ಣದ ಗೆರೆ ಪುಟ್ಟಮ್ಮನ ಮಾಡಿನ ತನಕ ಬಂದು ನಿಂತುಬಿಡುತ್ತಿತ್ತು.

ಒಂದು ವರ್ಷ ಮೇ ತಿಂಗಳಲ್ಲಿ ದ್ಯಾವೇಗೌಡರು ನನ್ನ ಮನೆಗೆ ಬಂದರು. ಅವರದು ಪುಟ್ಟಮ್ಮನ ಮನೆಗಿಂತ ಎರಡು ಮನೆ ಮೇಲೆ. ಆ ವರ್ಷ ಶಿವನಂಜಪ್ಪನವರು ಗೌಡರ ದನದ ಕೊಟ್ಟಿಗೆಯ ಮಾಡನ್ನು ಕತ್ತರಿಸಿದ್ದರು.

"ಟೀಚರಮ್ಮ, ನೀವೇ ಹೇಳಿ. ನನ್ನ ಹಸೂಗೆ ಒಂದು ಕಾನೂನು, ಆ ಮುದುಕೀಗೆ ಒಂದು ಕಾನೂನಾ? ಅವ್ಳೇನು ಇವ್ರ ನೆಂಟಳಾ?"

"ನೆಂಟಳಲ್ಲ ಎಂದು ಕಾಣುತ್ತದೆ."

"ಹಂಗಾದ್ರೆ ಯಾಕೆ ಬಿಟ್ಟವ್ರೆ? ಕೇಳಿದ್ರೆ, 'ನನ್ನ ಕಣ್ಣಿಗೆ ಬೀಳ್ಲಿಲ್ಲ' ಅಂತಾರೆ. ಆನೆ ಅಷ್ಟು ದೊಡ್ಡ ಮಾಡು ಕಣ್ಣಿಗೆ ಬೀಳ್ಲಿಲ್ಲ! ನಿಮ್ಮ ಅಕ್ಷರ ಚೆನ್ನಾಗೈತೆ, ಒಂದು ಅರ್ಜಿ ಬರ್ಕೊಡಿ."

ಬರೆದುಕೊಟ್ಟೆ. ಮನಸ್ಸಿಲ್ಲದೆ ಬರೆದೆ ಎಂದು ಈಗ ಹೇಳಿದರೆ ಸುಳ್ಳಾಗುತ್ತದೆ. ನಿಯಮ ಎಲ್ಲರಿಗೂ ಒಂದೇ ಇರಬೇಕೆಂದು ಮಕ್ಕಳಿಗೆ ದಿನವೂ ಹೇಳುವವಳು ನಾನು. ಶಿವನಂಜಪ್ಪನವರ ಮೇಲಿದ್ದ ಗೌರವವೇ ನನ್ನ ಕೋಪವನ್ನು ಹೆಚ್ಚಿಸಿತ್ತು. ತಮ್ಮ ಮೆಟ್ಟಿಲನ್ನೇ ಕಿತ್ತ ಮನುಷ್ಯ ಹೀಗೆ ಪಕ್ಷಪಾತ ಮಾಡಬಹುದೇ? ಅರ್ಜಿಯ ಮೂರು ಪ್ರತಿ ಮಾಡಿ, ಒಂದನ್ನು ಹಾಸನದ ಜಿಲ್ಲಾ ಕಚೇರಿಗೆ ಕಳಿಸಬೇಕೆಂದು ನಾನೇ ಸೂಚಿಸಿದೆ. ಹತ್ತೊಂಬತ್ತು ಮನೆಯವರು ಸಹಿ ಹಾಕಿದರು. ಹುಸೇನ್ ಸಾಹೇಬರು ಹಾಕಲಿಲ್ಲ.

"ನಿಮ್ಮ ಕಟ್ಟೆಯನ್ನೇ ಒಡೆಸಿದ್ದಾರಲ್ಲ" ಎಂದೆ.

"ಒಡೆಸಿದ್ರು. ಅದು ಬೇರೆ, ಇದು ಬೇರೆ. ಬೇಡ ಟೀಚರಮ್ಮ, ಈ ಕಾಗದ ಕಳಿಸ್ಬೇಡಿ."

"ಯಾಕೆ?"

ಅವರು ಗಡ್ಡ ಸವರಿಕೊಂಡು, "ಆ ಮನುಷ್ಯಂಗೆ ಏನೋ ಗೊತ್ತಿರ್ತದೆ" ಎಂದಷ್ಟೇ ಹೇಳಿದರು. ವ್ಯಾಪಾರಿಯಲ್ಲವೇ, ಅಧಿಕಾರಿಯನ್ನು ಎದುರು ಹಾಕಿಕೊಳ್ಳಲು ಹೆದರುತ್ತಾರೆ ಎಂದು ತಿಳಿದೆ.

ಮೇ ಕೊನೆಯ ವಾರ ಹಾಸನದಿಂದ ಒಬ್ಬ ಅಧಿಕಾರಿ ಬಂದರು. ಬೀದಿಯೆಲ್ಲ ಸೇರಿತ್ತು. ಅಧಿಕಾರಿ ಪುಟ್ಟಮ್ಮನ ಮಾಡನ್ನು ಅಳೆಸಿ, "ಇದನ್ನು ಯಾಕೆ ಬಿಟ್ಟಿರಿ?" ಎಂದು ಕೇಳಿದರು. ಶಿವನಂಜಪ್ಪನವರು ಒಮ್ಮೆ ಪುಟ್ಟಮ್ಮನ ಕಡೆ ನೋಡಿದರು. ಒಮ್ಮೆ ಮೋರಿಯ ಕಡೆ ನೋಡಿದರು. "ತಪ್ಪು ನಂದು ಸ್ವಾಮಿ" ಎಂದರು. ಕಾರಣ ಕೇಳಿದ್ದಕ್ಕೆ, "ಕಾಗದದಲ್ಲಿ ಬರೆಯೋ ಅಂಥ ಕಾರಣ ಇಲ್ಲ" ಎಂದರು. ನಾನು ಮುಂದಿನ ಸಾಲಿನಲ್ಲೇ ನಿಂತಿದ್ದೆ. ಕಾರಣವಿಲ್ಲದಿದ್ದರೆ ಪಕ್ಷಪಾತವೇ ಸರಿ ಎಂದು ಮನಸ್ಸಿನಲ್ಲೇ ತೀರ್ಪು ಬರೆದುಕೊಂಡೆ.

ಮಾಡು ಕೀಳಲು ಆಳುಗಳು ಬಂದಾಗ ಅವರು ಆಳುಗಳನ್ನು ಹಿಂದಕ್ಕೆ ಸರಿಸಿ ತಾವೇ ಏಣಿ ಹತ್ತಿದರು. ಒಂದೊಂದೇ ತಗಡನ್ನು ಬಿಚ್ಚಿ, ಸದ್ದಾಗದಂತೆ ಇಳಿಸಿ, ಮೊಳೆಗಳನ್ನು ಕೋಟಿನ ಜೇಬಿಗೆ ಹಾಕಿಕೊಂಡರು. ಅರ್ಧ ಹೆಣೆದ ಗೊರಬುಗಳು ಬಿಸಿಲಿಗೆ ಬಿದ್ದಿದ್ದವು. ಪುಟ್ಟಮ್ಮ ಅಳಲಿಲ್ಲ. "ಬಿಡಪ್ಪ ಶಿವನಂಜ, ನಿನ್ನ ಕೆಲ್ಸ ನೀ ಮಾಡು. ಮೊಳೆ ತುಳಿದೀಯ, ನೋಡ್ಕೊ" ಎಂದಳು. ಮಾರನೆಯ ವಾರ ಕೋಣೆಗೆ ಬೀಗ ಹಾಕಿ, ಹೊಂಗಡಹಳ್ಳದ ಕಡೆಯ ಎಸ್ಟೇಟಿನಲ್ಲಿ ಆಳುಗಳ ಲೈನುಮನೆಯಲ್ಲಿದ್ದ ತಂಗಿಯ ಬಳಿಗೆ ಹೊರಟುಹೋದಳು. ಶಿವನಂಜಪ್ಪನವರಿಗೆ ಆಲೂರಿಗೆ ವರ್ಗವಾಯಿತು. ಅವರು ಆ ತಿಂಗಳೇ ಹೊರಟರು. ನನ್ನ ಕಿಟಕಿಯ ಮುಂದೆ ಆರೂವರೆಗೆ ಯಾರೂ ಬರಲಿಲ್ಲ.

ಜುಲೈ ಮೊದಲ ದೊಡ್ಡ ಮಳೆಗೆ ಚರಂಡಿ ತುಂಬಿತು. ಮೂರು ಅಡಿ ಜಾಗ ಎಲ್ಲ ಕಡೆ ಖಾಲಿ, ಒಂದು ಚಪ್ಪಡಿಯೂ ಅಡ್ಡವಿಲ್ಲ. ಆದರೂ ನೀರು ಕೆಳಗೆ ಹೋಗದೆ ಹಿಂದಕ್ಕೆ ಏರಿ ಕೆಳಬೀದಿಯ ಐದು ಮನೆಗೆ ನುಗ್ಗಿತು. ಬೆಳಗ್ಗೆ ನಾನು ಇಳಿದು ಹೋದಾಗ ದ್ಯಾವೇಗೌಡರು ಮೊಣಕಾಲುದ್ದ ನೀರಿನಲ್ಲಿ ಪಾತ್ರೆ ಹುಡುಕುತ್ತಿದ್ದರು. "ಬನ್ನಿ ಟೀಚರಮ್ಮ. ನಿಮ್ಮ ಅರ್ಜಿ ನೆಟ್ಟಗೆ ನಮ್ಮ ಅಡಿಗೆಮನೆಗೇ ಬಂತು" ಎಂದರು.

ಹುಸೇನ್ ಸಾಹೇಬರ ಹಮಾಲರು ಮೋರಿಯ ಬಾಯಿಯಿಂದ ಬುಟ್ಟಿಗಟ್ಟಲೆ ಕಾಫಿ ಹೊಟ್ಟು ಎತ್ತಿ ಹಾಕುತ್ತಿದ್ದರು. ಬೀದಿಯ ಮೇಲ್ತುದಿಯಲ್ಲಿದ್ದ ಕಾಫಿ ಮಿಲ್ಲಿನ ಹೊಟ್ಟನ್ನು ನಾವೆಲ್ಲ ಒಲೆಗೆ ತಂದು, ಮಿಕ್ಕದ್ದನ್ನು ಚರಂಡಿಗೇ ಸುರಿಯುತ್ತಿದ್ದೆವು. ಅದು ನೀರು ಕುಡಿದು ಮುದ್ದೆಯಾಗಿ, ಮೋರಿಗೆ ಹಾಕಿದ ಕಬ್ಬಿಣದ ಜಾಲರಿಯನ್ನು ಗೋಡೆಯ ಹಾಗೆ ಮುಚ್ಚಿಬಿಟ್ಟಿತ್ತು.

"ಇಷ್ಟು ವರ್ಷ ಹೀಗಾಗಿರಲಿಲ್ಲವಲ್ಲ" ಎಂದೆ.

ಸಾಹೇಬರು ನನ್ನನ್ನು ನೋಡದೆ ಹೇಳಿದರು. "ಇಷ್ಟು ವರ್ಷ ಪುಟ್ಟಮ್ಮ ಇದ್ಲು. ನಾನು ಬೆಳಗಿನ ನಮಾಜಿಗೆ ಹೋಗುವಾಗ ದಿನಾ ನೋಡ್ತಿದ್ದೆ. ಮಾಡಿನ ಕೆಳಗೆ ಕೂತ್ಕೊಂಡು, ಉದ್ದ ಕೋಲಿಗೆ ಕೊಕ್ಕೆ ಕಟ್ಕೊಂಡು ಜಾಲರಿ ಕೆದಕ್ತಿದ್ಲು. ಮಳೆ ಜೋರಾದ್ರೆ ಗಂಟೆಗೊಂದ್ಸಲ. ಮಾಡು ಇಲ್ದೆ ಆ ಮಳೇಲಿ ಯಾರು ಕೂರ್ತಾರೆ? ಅದಕ್ಕೇ ಅವ್ರು ಬಿಟ್ಟಿದ್ದು."

"ನನಗೆ ಯಾಕೆ ಹೇಳಲಿಲ್ಲ ಸಾಹೇಬರೇ?"

"ಅವ್ರಿಬ್ರೂ ಮುಚ್ಚಿಟ್ಟಿದ್ದನ್ನ ನಾ ಯಾಕೆ ಬಿಚ್ಲಿ ಅನ್ನಿಸ್ತು. ತಪ್ಪು ಮಾಡ್ದೆ" ಎಂದರು.

ನಾನು ಆ ಬೀದಿಗೆ ಬಂದು ಮೂರು ಮಳೆಗಾಲ ಕಳೆದಿದ್ದವು. ನನ್ನ ಮನೆಯಿಂದ ಪುಟ್ಟಮ್ಮನ ಮಾಡಿಗೆ ಇನ್ನೂರು ಹೆಜ್ಜೆ. ಬೆಳಗ್ಗೆ ಐದಕ್ಕೆ ಏಳುವ ಅಭ್ಯಾಸ ಬೇರೆ. ಒಂದು ದಿನ ಇಳಿದು ಹೋಗಿ ನೋಡಿರಲಿಲ್ಲ.

ಆ ಭಾನುವಾರವೇ ಇನ್ನೊಂದು ಅರ್ಜಿ ಬರೆದೆ. ಮೋರಿಯ ಕಾವಲಿಗಾಗಿ ಪುಟ್ಟಮ್ಮನಿಗೆ ಮಾಡು ಕಟ್ಟಿಕೊಳ್ಳಲು ವಿಶೇಷ ಅನುಮತಿ ಕೊಡಬೇಕು, ಶಿವನಂಜಪ್ಪನವರನ್ನು ಹಿಂದಕ್ಕೆ ಕರೆಸಬೇಕು ಎಂದು. ಈ ಸಲ ಹುಸೇನ್ ಸಾಹೇಬರದೇ ಮೊದಲ ಸಹಿ. ದ್ಯಾವೇಗೌಡರು ಮನೆಯವರೆಲ್ಲರ ಸಹಿ ಹಾಕಿಸಿದರು. ಪರೀಕ್ಷೆ ಮುಗಿಸಿ ಸೆಪ್ಟೆಂಬರಿನ ಒಂದು ಶನಿವಾರ ಬೆಳಗಿನ ಬಸ್ಸಿಗೆ ಬಾಳ್ಳುಪೇಟೆ ದಾಟಿ ಆಲೂರಿಗೆ ಹೋದೆ. ಕಳಿಸುವ ಮೊದಲು ಅವರಿಗೆ ತೋರಿಸಬೇಕಿತ್ತು, ತಪ್ಪಾಯಿತೆಂದು ಹೇಳಬೇಕಿತ್ತು.

ಅವರು ಸಂತೆ ಮಾಳದ ಅಂಚಿನಲ್ಲಿ ಬಾಡಿಗೆ ಮನೆಯ ಜಗಲಿಯ ಮೇಲೆ ಕೂತಿದ್ದರು. ಬಹಳ ಇಳಿದುಹೋಗಿದ್ದರು. ಮಾತಿಗೊಂದು ಕೆಮ್ಮು. ನನ್ನನ್ನು ಕಂಡು ಎದ್ದು ನಿಂತರು. "ಟೀಚರಮ್ಮ, ಇಷ್ಟು ದೂರ!" ಎಂದು ಒಳಗಿನಿಂದ ಚಾಪೆ ತರಿಸಿದರು.

ನಾನು ಸುತ್ತಿ ಬಳಸಿ ಮಾತಾಡುವವಳಲ್ಲ. "ಮೊದಲ ಅರ್ಜಿ ಬರೆದವಳು ನಾನು" ಎಂದೆ.

"ಗೊತ್ತು. ಹಾಸನದೋರು ತೋರ್ಸಿದ್ರು. ಅಕ್ಷರ ನೋಡಿದ ತಕ್ಷಣ ಗೊತ್ತಾಯ್ತು. ನಿಮ್ಮ ಹತ್ರ ಓದ್ತಿದ್ದ ನಮ್ಮ ಮಗಳ ಸ್ಲೇಟಲ್ಲಿ ದಿನಾ ನೋಡ್ತಿದ್ದೆನಲ್ಲ. ಅದ್ರಲ್ಲಿ ಒಂದು ಮಾತೂ ತಪ್ಪಿರ್ಲಿಲ್ಲ."

"ಆ ದಿನ ಒಂದು ಮಾತು ಹೇಳಬಹುದಿತ್ತಲ್ಲ ನೀವು?"

"ಏನಂತ ಹೇಳ್ಲಿ? ಮೋರಿ ಕಾಯೋಕೆ ಒಬ್ಬ ಆಳು ಕೊಡಿ ಅಂತ ನಾಕು ವರ್ಷ ಬರ್ದೆ, ಆಗ್ಲಿಲ್ಲ. ಪುಟ್ಟಮ್ಮನ್ನ ಕೇಳ್ದೆ, ಆಗ್ಲಪ್ಪ ಅಂದ್ಲು. ಅದನ್ನ ಅಲ್ಲಿ ಹೇಳಿದ್ರೆ ಎಲ್ರೂ, 'ನಾವೂ ಕೆದಕ್ತೀವಿ, ನಮ್ಗೂ ಬಿಡಿ' ಅಂತಿದ್ರು. ಯಾರ್ಗೆ ಇಲ್ಲ ಅನ್ಲಿ? ಒಂದು ಸಲ ಗೆರೆ ತಪ್ಸಿದೋನು ನಾನೇ ಅಲ್ವಾ."

ನಾನು ಹೊಸ ಅರ್ಜಿಯನ್ನು ಅವರ ಕೈಗೆ ಕೊಟ್ಟೆ. ಕನ್ನಡಕ ತರಿಸಿ ನಿಧಾನವಾಗಿ ಓದಿದರು. ಸಹಿಗಳನ್ನೂ ಒಂದೊಂದಾಗಿ ಓದಿದರು. ದ್ಯಾವೇಗೌಡರ ಸಹಿಯ ಹತ್ತಿರ ಸಣ್ಣಗೆ ನಕ್ಕರು. ಆಮೇಲೆ ಕಾಗದವನ್ನು ಮೊದಲಿದ್ದ ಮಡಿಕೆಯಲ್ಲೇ ಮಡಿಸಿ ತೊಡೆಯ ಮೇಲಿಟ್ಟುಕೊಂಡರು.

"ಪುಟ್ಟಮ್ಮ ಹೋಗ್ಬುಟ್ಲು ಟೀಚರಮ್ಮ. ಇಪ್ಪತ್ತು ದಿನ ಆಯ್ತು. ಲೈನಿನ ಮನೇಲಿ ಜಾಗ ಸಾಲ್ದು ಅಂತ ಹೊರಗಿನ ಜಗಲೀಲೇ ಮಲಗ್ತಿದ್ಲಂತೆ. ಮಳೆ ಎರಚಲು. ಜ್ವರ ಬಂತು. ನನಗೆ ಸುದ್ದಿ ಬಂದಾಗ ಮಣ್ಣಾಗಿತ್ತು."

ಅವರೇ ಮತ್ತೆ ಹೇಳಿದರು. "ನೀವು ಬರ್ದಿದ್ರಿ, ನಾನು ಕಿತ್ತೆ. ಇಬ್ರೂ ನಮ್ಮ ನಮ್ಮ ಕೆಲ್ಸ ಸರಿಯಾಗೇ ಮಾಡಿದ್ವಿ."

ಅದರಲ್ಲಿ ಬೈಗುಳವಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಧ್ಯಾಹ್ನದ ಬಸ್ಸಿಗೆ ಕೆಮ್ಮುತ್ತಲೇ ನಿಲ್ದಾಣದವರೆಗೆ ಬಂದರು. ಬಸ್ಸು ತಡವಾಗಿತ್ತು. ಕಾಯುವಾಗ, ಈಗ ಜಾಲರಿಯನ್ನು ಯಾರು ನೋಡಿಕೊಳ್ಳುತ್ತಿದ್ದಾರೆ ಎಂದು ಕೇಳಿದರು. ಹುಸೇನ್ ಸಾಹೇಬರ ಹಮಾಲರು ವಾರಕ್ಕೊಮ್ಮೆ ನೋಡುತ್ತಾರೆ ಎಂದೆ. "ವಾರಕ್ಕೊಂದ್ಸಲ ಸಾಲ್ದು" ಎಂದರು. ಬಸ್ಸು ಬಂತು. ನಾನು ಹತ್ತಿದ ಮೇಲೆ ಅರ್ಜಿಯನ್ನು ಕಿಟಕಿಯಿಂದ ಹಿಂದಕ್ಕೆ ಕೊಟ್ಟರು.

ಶಿವನಂಜಪ್ಪನವರು ಮುಂದಿನ ಮಳೆಗಾಲ ನೋಡಲಿಲ್ಲ. ಸುದ್ದಿ ತಂದದ್ದು ಹುಸೇನ್ ಸಾಹೇಬರ ಲಾರಿಯ ಡ್ರೈವರ್. ಆ ಸಂಜೆ ನಾವು ಬೀದಿಯವರೆಲ್ಲ ಸಾಹೇಬರ ಅಂಗಡಿಯ ಮುಂದೆ ಸೇರಿದೆವು. ಅವರ ಬಗ್ಗೆ ಏನಾದರೂ ಹೇಳಬೇಕೆಂದು ಒಬ್ಬರ ಮುಖ ಒಬ್ಬರು ನೋಡಿದೆವು. ಹೇಳುವ ಮುಖ ಯಾರಿಗೂ ಇರಲಿಲ್ಲ. ಒಬ್ಬೊಬ್ಬರಾಗಿ ಮನೆಗೆ ಹೋದೆವು.