ನಲವತ್ತು ಸೆಕೆಂಡಿನ ತ್ರಿಕಾಲಜ್ಞಾನಿ

ಭವಿಷ್ಯ ಹೇಳುವವನಿಗೆ ಎಷ್ಟು ದೂರ ಕಾಣಬೇಕು ಎಂದು ಯಾರಾದರೂ ಕೇಳಿದರೆ, ಅನುಭವಸ್ಥನಾಗಿ ಹೇಳುತ್ತೇನೆ: ನಲವತ್ತು ಸೆಕೆಂಡು ಸಾಕು. ಅದಕ್ಕಿಂತ ಹೆಚ್ಚು ಕಂಡರೆ ಜನ ನಂಬುವುದಿಲ್ಲ. ಕಡಿಮೆ ಕಂಡರೆ ಬಾಯಿ ತೆರೆಯುವಷ್ಟರಲ್ಲಿ ಭವಿಷ್ಯ ಹಳಸಿಹೋಗಿರುತ್ತದೆ. ಕಳೆದ ಸೆಪ್ಟೆಂಬರಿನಿಂದ ಜನವರಿಯವರೆಗೆ ಪ್ರತಿ ಭಾನುವಾರ, ಅಮೆರಿಕದ ಯೂನಿಯನ್ ಸಿಟಿಯ ಒಂದು ಮನೆಯಲ್ಲಿ ನಾನು ತ್ರಿಕಾಲಜ್ಞಾನಿಯಾಗಿದ್ದೆ. ಈಗ ಮೀಸೆಯಿಲ್ಲದ ಸಾಮಾನ್ಯ ಮನುಷ್ಯ. ನಡುವೆ ಏನಾಯಿತು ಎನ್ನುವುದನ್ನು ನಿಮಗೊಬ್ಬರಿಗೇ ಹೇಳುತ್ತೇನೆ. ನನ್ನ ಹೆಂಡತಿ ವಿಮಲಳಿಗೆ ಹೇಳಬೇಡಿ. ಅವಳಿಗೆ ಆಗಲೇ ಗೊತ್ತು.

ಮೊದಲು ಮೀಸೆಯ ವಿಷಯ. ಸಾಮಾನ್ಯ ಮೀಸೆಯಲ್ಲ ಅದು. ಇಪ್ಪತ್ತನೆಯ ವಯಸ್ಸಿನಲ್ಲಿ ಮೈಸೂರಿನಲ್ಲಿ ಬಿಟ್ಟದ್ದು, ಎಪ್ಪತ್ತೆರಡರಲ್ಲೂ ತುದಿ ಬಾಗಿರಲಿಲ್ಲ. ವಿಮಲ ನನ್ನನ್ನು ಒಪ್ಪಿದ್ದು ಫೋಟೋದಲ್ಲಿದ್ದ ಆ ಮೀಸೆ ನೋಡಿ. ನನ್ನ ಮೇಲ್ದುಟಿಯನ್ನು ಅವಳೂ ಕಂಡವಳಲ್ಲ. ಕ್ಯಾಂಪ್‌ಬೆಲ್‌ನ ನಮ್ಮ ಬೀದಿಯಲ್ಲಿ ನಾಯಿ ಅಡ್ಡಾಡಿಸುವ ಅಮೆರಿಕನ್ನರು ನನ್ನ ಹೆಸರು ತಿಳಿಯದಿದ್ದರೂ ಮೀಸೆಗೆ ನಮಸ್ಕಾರ ಹೇಳಿ ಮುಂದೆ ಹೋಗುತ್ತಿದ್ದರು. ಇಂಥದ್ದನ್ನು ನಾನು ಪಣಕ್ಕಿಟ್ಟೆ ಎಂದರೆ ನನಗೆ ನನ್ನ ವಿದ್ಯೆಯ ಮೇಲೆ ಎಷ್ಟು ಭರವಸೆಯಿತ್ತು ನೀವೇ ಊಹಿಸಿ.

ಯೂನಿಯನ್ ಸಿಟಿಯ ಮನೆ ನನ್ನ ಗೆಳೆಯ ಬಶೀರ್ ಸಾಹೇಬರದು. ಹುಬ್ಬಳ್ಳಿಯವರು. ಫ್ರೀವೇ ಪಕ್ಕ ಮೂವತ್ತು ವರ್ಷ ಟೈರಿನ ಅಂಗಡಿ ಇಟ್ಟಿದ್ದರು. ಗಿರಾಕಿಗಳೊಂದಿಗೆ ಮಾತಿಗೆ ಬೇಕೆಂದು ಅಮೆರಿಕನ್ ಫುಟ್‌ಬಾಲ್ ಕಲಿತರು, ಆಮೇಲೆ ಆ ರೋಗ ಬಿಡಲಿಲ್ಲ. ಅಂಗಡಿ ಮಾರಿದ ದಿನ ನೆನಪಿಗೆಂದು ಒಂದು ಟೈರು ಮನೆಗೆ ತಂದು, ಮೇಲೆ ದಿಂಬು ಹೊಲಿಸಿ ಪೀಠ ಮಾಡಿಕೊಂಡಿದ್ದಾರೆ. ನಮ್ಮ ಕಡೆಯ ಟೀಮು ಆಡುವಾಗ ಅವರು ಸೋಫಾದ ಮೇಲೆ ಕೂತದ್ದಿಲ್ಲ. ಟೈರಿನ ಮೇಲೆ ಕೂತರೇ ಚೆಂಡು ಮುಂದೆ ಉರುಳುವುದು ಎಂಬುದು ಅವರ ನಂಬಿಕೆ.

ಆಟ ಗೊತ್ತಿಲ್ಲದವರಿಗೆ ಒಂದೇ ಮಾತಿನಲ್ಲಿ ಹೇಳುತ್ತೇನೆ. ಹೆಸರು ಫುಟ್‌ಬಾಲ್, ಆದರೆ ಕಾಲಿಗೆ ಕೆಲಸ ಕಡಿಮೆ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು, ಸಂತೆಯಲ್ಲಿ ಕುಂಬಳಕಾಯಿ ಕದ್ದವನ ಹಾಗೆ ಓಡಬೇಕು. ಉಳಿದವರು ಹಿಡಿದು ಕೆಡವಬೇಕು. ಕೊನೆ ಗೆರೆ ದಾಟಿದರೆ ಟಚ್‌ಡೌನು. ಅದಾಗದಿದ್ದರೆ ದೂರದಿಂದ ಒದ್ದು ಎರಡು ಕಂಬಗಳ ನಡುವೆ ತೂರಿಸಿದರೂ ಒಂದಿಷ್ಟು ಅಂಕ. ಇಷ್ಟು ತಿಳಿದರೆ ನೀವು ನನ್ನಷ್ಟೇ ಪಂಡಿತರು.

ಮೊದಲ ಪಂದ್ಯದ ದಿನ ನಾನು ಹೊರಟದ್ದೇ ತಡವಾಗಿ. ಕಾರಿನ ರೇಡಿಯೋದಲ್ಲಿ ಕಾಮೆಂಟರಿ ಕೇಳುತ್ತಾ ಬಂದೆ. ಬಶೀರರ ಮನೆ ಮುಂದೆ ನಿಲ್ಲಿಸುವಾಗ ರೇಡಿಯೋದವನು ಗಂಟಲು ಹರಿಯುವಂತೆ ಕೂಗಿದ: ನಮ್ಮವನು ಎಡ ಅಂಚಿನಲ್ಲಿ ಓಡಿ ಟಚ್‌ಡೌನು! ಕಾರು ಆರಿಸಿದೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟೆ. ಒಳಗೆ ಹೋದರೆ ಟಿವಿಯಲ್ಲಿ ಆ ಮಹಾನುಭಾವ ಇನ್ನೂ ಸೊಂಟ ಬಗ್ಗಿಸಿ ನಿಂತಿದ್ದಾನೆ! ಬಶೀರರ ಟಿವಿಗೆ ಆಟ ಬರುವುದು ಇಂಟರ್ನೆಟ್ಟಿನಿಂದ. ಎಲ್ಲೆಲ್ಲೋ ಸುತ್ತಿ ಬರುವಷ್ಟರಲ್ಲಿ ರೇಡಿಯೋಗಿಂತ ನಲವತ್ತು ಸೆಕೆಂಡು ತಡ. ಇದು ನನಗೆ ಹೊಳೆಯುವುದಕ್ಕೂ ಮೊದಲೇ ಬಾಯಿ ತನ್ನ ಕೆಲಸ ಮಾಡಿತ್ತು.

"ಎಡಗಡೆಯಿಂದ ಓಡ್ತಾನೆ ನೋಡ್ತಿರಿ. ಟಚ್‌ಡೌನು."

ಓಡಿದ. ಟಚ್‌ಡೌನಾಯಿತು. ಬಶೀರರು ಟೈರಿನ ಮೇಲೆ ಕೂತಲ್ಲೇ ಹಿಂದಕ್ಕೆ ತಿರುಗಿ ನನ್ನನ್ನು ನೋಡಿದ ನೋಟವಿದೆಯಲ್ಲ, ಅದಕ್ಕಾಗಿ ನಾನು ಹಿಮಾಲಯಕ್ಕೆ ಹೋಗಿ ಹನ್ನೆರಡು ವರ್ಷ ತಪಸ್ಸು ಮಾಡಬೇಕಿತ್ತು. ಇಲ್ಲಿ ಪಾರ್ಕಿಂಗಿನಲ್ಲಿ ಸಿಕ್ಕಿತು.

ಎರಡನೆಯ ಪಂದ್ಯಕ್ಕೆ ನಾನು ಸಿದ್ಧನಾಗಿ ಹೋದೆ. ನನ್ನ ಹಳೆಯ ಪಾಕೆಟ್ ರೇಡಿಯೋ ಅಂಗಿಯ ಜೇಬಿನಲ್ಲಿ; ಅದರ ವೈರು ಕಾಲರಿನ ಒಳಗಿನಿಂದ ಎಡಗಿವಿಗೆ. "ಏನ್ರೀ ಇದು?" ಎಂದು ಬಶೀರರು ಕೇಳಿದರು. "ಕಿವಿ ಮಿಷನ್ನು. ಟಿವಿ ಗಲಾಟೇಲಿ ಒಂದು ಕಿವಿ ಮಂದ ಆಗ್ತಿದೆ" ಎಂದೆ, ಮುಖ ಸಣ್ಣದು ಮಾಡಿಕೊಂಡು. ಬಶೀರರ ಹೆಂಡತಿ ಮೆಹರುನ್ನಿಸಾ ಭಾಭಿ ಅಯ್ಯೋ ಪಾಪ ಎಂದು ನನಗೆ ಎರಡು ಮಿರ್ಚಿ ಭಜಿ ಹೆಚ್ಚು ಹಾಕಿದರು. ಆಮೇಲೆ ವಿಮಲಳಿಗೆ ಫೋನು ಮಾಡಿ ಸಮಾಧಾನವನ್ನೂ ಹೇಳಿದರಂತೆ, "ಭಾಯಿಸಾಬ್‌ಗೆ ಕಿವಿ ಕೇಳಲ್ಲಂತಲ್ಲ" ಎಂದು. ವಿಮಲ ಶಾಂತವಾಗಿ, "ಅದೇನು ಹೊಸದಲ್ಲ ಬಿಡಿ ಭಾಭಿ, ಮದುವೆಯಾದಾಗಿನಿಂದ ಹಾಗೇ ಇದ್ದಾರೆ" ಅಂದಳಂತೆ. ಹೀಗೆ ಸುಳ್ಳಿಗೆ ಧರ್ಮಪತ್ನಿಯ ಸಾಕ್ಷಿಯೂ ಸಿಕ್ಕಿತು.

ಎರಡನೆಯದನ್ನೂ ಗೆದ್ದೆವು. ಮೂರನೆಯದನ್ನು ಸೋತೆವು, ಮತ್ತು ಸೋಲುವುದನ್ನು ನಾನು ಹುಮ್ಮಸ್ಸಿನಿಂದ ಮುಂಚೆಯೇ ಹೇಳಿದೆ. ಅಂದು ಭಜಿಯ ತಟ್ಟೆ ನನ್ನ ಮುಂದೆ ಒಮ್ಮೆ ಬಂದದ್ದು ಮತ್ತೆ ಬರಲಿಲ್ಲ. ನಮ್ಮ ಊರುಗಳಲ್ಲಿ ಬೆಳಗಿನ ಹೊತ್ತು ಬರುವ ಬುಡುಬುಡಿಕೆಯವನು ಏಕೆ ಯಾವಾಗಲೂ "ಶುಭವಾಗ್ತದೆ" ಎಂದೇ ಶುರು ಮಾಡುತ್ತಾನೆ ಎಂಬುದು ಆ ದಿನ ಅರ್ಥವಾಯಿತು. ಅವನಿಗೆ ಭವಿಷ್ಯ ತಿಳಿದಿರಲಿ ಬಿಡಲಿ, ಅಕ್ಕಿ ಯಾವಾಗ ಬೀಳುತ್ತದೆಂದು ತಿಳಿದಿದೆ.

ನಾಲ್ಕನೆಯ ಪಂದ್ಯದ ಮಧ್ಯೆ ಬ್ಯಾಟರಿ ಸತ್ತಿತು. ನಾನು ಕಣ್ಣು ಮುಚ್ಚಿ, "ಇವತ್ತು ಮೌನವ್ರತ" ಎಂದೆ. ನನ್ನ ಭವಿಷ್ಯವಿಲ್ಲದೆಯೂ ಅದನ್ನು ಗೆದ್ದೆವು.

ನಮ್ಮ ಗುಂಪಿನ ಮೂರನೆಯವರು ಡಾಕ್ಟರ್ ಶ್ರೀಕಂಠ, ಬೆಂಗಳೂರಿನವರು, ಕಣ್ಣಿನ ವೈದ್ಯರಾಗಿ ನಿವೃತ್ತರು. ಅವರು ದೇವರನ್ನೇ ನಂಬುವವರಲ್ಲ, ಇನ್ನು ನನ್ನನ್ನು? "ರೀ, ಇದೆಲ್ಲಾ ಬರೀ ಕೋಇನ್ಸಿಡೆನ್ಸು. ಆ ಮಿಷನ್ ಕೊಡಿ ಇಲ್ಲಿ, ಚೆಕ್ ಮಾಡ್ತೀನಿ" ಎಂದು ಕೈ ಚಾಚಿದರು.

"ನೀವು ಕಣ್ಣಿನ ಡಾಕ್ಟ್ರು, ಕಿವಿಗೆ ಕೈ ಹಾಕ್ಬೇಡಿ" ಎಂದು ಅವರ ಕೈ ತಳ್ಳಿದ್ದಲ್ಲದೆ, ಆ ರಭಸದಲ್ಲಿ ಅಬ್ಬರಿಸಿದೆ: "ಸೀಸನ್ ಮುಗಿಯೋದ್ರೊಳಗೆ ನನ್ನ ಒಂದೇ ಒಂದು ಮಾತು ಸುಳ್ಳಾಗ್ಲಿ, ಇದೇ ಮನೇಲಿ ಮೀಸೆ ಬೋಳಿಸ್ಕೊಳ್ತೀನಿ!"

ಕನ್ನಡದಲ್ಲಿ ಈ ಮಾತನ್ನು ಲಕ್ಷ ಜನ ಹೇಳಿದ್ದಾರೆ. ಬೋಳಿಸಿಕೊಂಡವನನ್ನು ನಾನು ಕಂಡಿಲ್ಲ. ಏಕೆಂದರೆ ಕೇಳಿಸಿಕೊಂಡವರು ಅದನ್ನು ಅಲ್ಲಿಗೇ ಬಿಡುವುದು ಸಂಪ್ರದಾಯ. ಬಶೀರರು ಬಿಡಲಿಲ್ಲ. "ಆತು ರಾಯರ. ಆದ್ರ ಒಂದು ಮಾತು. ಈ ವ್ರತ-ಗಿತ ನಡ್ಯಾಂಗಿಲ್ಲ. ನಾ ಕೇಳಿದಾಗ ಬಾಯಿ ಬಿಡಬೇಕು. ಬಿಡ್ಲಿಲ್ಲಂದ್ರೂ ಮೀಸಿ ಹೋತು. ಬೋಳ್ಸಾಂವ ನಾನಽ" ಎಂದು ನಗದೆ ಹೇಳಿದರು. ನಾನು ಒಪ್ಪಿದೆ. ಮುಂದಿನ ವಾರ ಜೇಬಿನಲ್ಲಿ ಎರಡು ಜೋಡಿ ಹೆಚ್ಚುವರಿ ಬ್ಯಾಟರಿ ಇದ್ದವು.

ಐದನೆಯದು ನಮಗೆ ಬೆಳಿಗ್ಗೆ ಹತ್ತಕ್ಕೇ; ಆಟ ನಡೆದ ಪೂರ್ವ ತೀರದಲ್ಲಿ ಆಗಲೇ ಮಧ್ಯಾಹ್ನ. ಭಜಿಯ ಬದಲು ಉಪ್ಪಿಟ್ಟು; ಗೆದ್ದೆವು. ಆಮೇಲೆ ಸಾಲಾಗಿ ಮೂರು ಸೋಲು. ಆಮೇಲೆ ಟೀಮಿಗೆ ಒಂದು ವಾರ ರಜೆ. ಆಟವಿಲ್ಲದಿದ್ದರೂ ಎಲ್ಲರೂ ಬಂದರು. ಭಾಭಿ ಹಿತ್ತಲಿನ ನಿಂಬೆಗಿಡ ಯಾವಾಗ ಕಾಯಿ ಬಿಡುತ್ತದೆ ಎಂದು ಕೇಳಿದರು. ನಾಸ್ತಿಕ ಡಾಕ್ಟರು ನನ್ನನ್ನು ಅಡುಗೆಮನೆಯ ಮೂಲೆಗೆ ಕರೆದು, "ಸುಮ್ನೆ ಕ್ಯೂರಿಯಾಸಿಟಿಗೆ ಕೇಳ್ತಿದ್ದೀನಿ. ಮಗಳು ಮೌಂಟನ್ ವ್ಯೂನಲ್ಲಿ ಜಾಬ್ ಇಂಟರ್ವ್ಯೂ ಕೊಟ್ಟಿದ್ದಾಳೆ. ಏನನ್ನಿಸುತ್ತೆ?" ಎಂದರು. "ಡಾಕ್ಟ್ರೇ, ನನ್ನ ದೃಷ್ಟಿ ಮೊಟ್ಟೆ ಆಕಾರದ ಚೆಂಡಿನ ಆಚೆ ಹೋಗಲ್ಲ" ಎಂದು ಕೈಮುಗಿದೆ. ವಿನಯವಂತ ಸಿದ್ಧಪುರುಷ ಎಂಬ ಹೆಸರೂ ಬಂತು.

ಈ ನಡುವೆ ನಾನು ತುಂಬಾ ಯೋಚನೆ ಮಾಡಿದ್ದೇನೆ. ನಾವು ನೋಡುವ ಸೂರ್ಯ ಎಂಟು ನಿಮಿಷದ ಹಿಂದಿನವನು. ನಾನು ಈ ದೇಶಕ್ಕೆ ಬಂದ ಹೊಸತರಲ್ಲಿ ಮೈಸೂರಿನ ಕಾಗದ ಬರಲು ಮೂರು ವಾರ ಬೇಕಿತ್ತು. ಅಕ್ಕನಿಗೆ ಜ್ವರವೆಂದು ಓದಿ ನಾನು ಇಲ್ಲಿ ಊಟ ಬಿಟ್ಟಿದ್ದರೆ, ಅವಳು ಅಲ್ಲಿ ಗುಣವಾಗಿ ಮದುವೆಯೊಂದರಲ್ಲಿ ಹೋಳಿಗೆ ತಿನ್ನುತ್ತಿರುತ್ತಿದ್ದಳು. ನಮಗೆ ತಿಳಿಯುವುದೆಲ್ಲ ತಡವಾದ ಸುದ್ದಿಯೇ. ಬಶೀರರ ಮನೆಯಲ್ಲಿ ನಾನು ಮಾಡಿದ ಮೋಸವೆಂದರೆ ಇಷ್ಟೇ, ಬೇರೆಯವರಿಗಿಂತ ಸ್ವಲ್ಪ ಕಡಿಮೆ ತಡವಾಗಿದ್ದೆ.

ರಜೆ ಮುಗಿಸಿ ಬಂದ ಟೀಮು ಹುಚ್ಚು ಹಿಡಿದಂತೆ ಆಡಿತು. ಐದಕ್ಕೆ ಐದು ಗೆಲುವು. ಬಶೀರರ ಟೈರಿನ ದಿಂಬು ಹರಿಯಿತು. ಆಮೇಲೆ ಯಾರ ದೃಷ್ಟಿ ತಾಕಿತೋ, ಮತ್ತೆ ಮೂರು ಸೋಲು. ಹದಿನಾರು ಪಂದ್ಯ ಮುಗಿದಾಗ ಒಂಬತ್ತು ಗೆಲುವು, ಏಳು ಸೋಲು. ಹದಿನೇಳನೆಯದು ಗೆದ್ದರೆ ಮುಂದಿನ ಸುತ್ತು, ಸೋತರೆ ಆ ವರ್ಷದ ಆಟಕ್ಕೆ ಮಂಗಳ. ನನ್ನ ಮಾತು ಮಾತ್ರ ಇನ್ನೂ ಒಂದೂ ಸುಳ್ಳಾಗಿರಲಿಲ್ಲ. ಇನ್ನೊಂದೇ ಮಧ್ಯಾಹ್ನ ದಾಟಿದರೆ ಮೀಸೆ ಅಮರ.

ಆ ಮಧ್ಯಾಹ್ನ ಭಾಭಿ ಒಲೆ ಹಚ್ಚುವುದನ್ನೂ ಮರೆತು ಬಂದು ನಿಂತಿದ್ದರು. ಕೊನೆಗೆ ಎರಡು ಅಂಕದ ಹಿನ್ನಡೆ, ಗಡಿಯಾರದಲ್ಲಿ ನಾಲ್ಕೇ ಸೆಕೆಂಡು, ನಮ್ಮವನು ಕಂಬಗಳ ನಡುವೆ ಒದೆಯಲು ಬರುತ್ತಿದ್ದಾನೆ. ಬಿದ್ದರೆ ಮೂರು ಅಂಕ, ಗೆಲುವು. ಎದುರಾಳಿಗಳು ಟೈಮ್‌ಔಟ್ ಕೇಳಿದರು, ಆಟ ಸ್ವಲ್ಪ ಹೊತ್ತು ನಿಂತಿತು. ಬಶೀರರು ಟೈರು ಬಿಟ್ಟು ಎದ್ದು ನಿಂತರು. ಅದು ಆ ವರ್ಷದಲ್ಲೇ ಮೊದಲ ಸಲ. ಎರಡೂ ಅಂಗೈ ಮೇಲೆತ್ತಿ ತುಟಿಯಲ್ಲಿ ಏನೋ ಹೇಳಿಕೊಳ್ಳುತ್ತಿದ್ದರು.

ನನ್ನ ಎಡಗಿವಿಯಲ್ಲಿ ಚೆಂಡು ಆಗಲೇ ಹಾರಿತ್ತು. ಬಲಗಡೆಯ ಕಂಬಕ್ಕೆ ಬಡಿದು ಹೊರಗೆ ಬಿತ್ತು. ರೇಡಿಯೋದವನು ಕೂಗಲಿಲ್ಲ, ಅಷ್ಟು ಹೇಳಿ ಸುಮ್ಮನಾದ. ಆ ಮೌನ ಕೇಳಿಸಿದ್ದು ಇಡೀ ಮನೆಯಲ್ಲಿ ನನಗೊಬ್ಬನಿಗೇ.

ಬಶೀರರು ತಿರುಗಿದರು. ಎಪ್ಪತ್ತು ದಾಟಿದ ಮನುಷ್ಯನ ಮುಖ ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಹುಡುಗನದಾಗಿತ್ತು. "ರಾಯರ, ಹೇಳ್ರಿ. ಬೀಳ್ತೈತೋ ಇಲ್ಲೋ?"

ನಿಜ ಹೇಳಿದರೆ ಮೀಸೆ ಉಳಿಯುತ್ತದೆ. ಸುಳ್ಳು ಹೇಳಿದರೆ ಹೋಗುತ್ತದೆ, ಸುಮ್ಮನಿದ್ದರೂ ಕರಾರಿನ ಪ್ರಕಾರ ಹೋಗುತ್ತದೆ. ಐವತ್ತೆರಡು ವರ್ಷದ ಮೀಸೆ! ಆದರೆ ಆ ಮನುಷ್ಯನ ಬಳಿ ಇನ್ನೂ ನಲವತ್ತು ಸೆಕೆಂಡು ಇತ್ತು. ಅಷ್ಟು ಹೊತ್ತು ಅವರ ಟೀಮು ಇನ್ನೂ ಸೋತಿರಲಿಲ್ಲ.

"ಬೀಳುತ್ತೆ ಸಾಹೇಬ್ರೇ. ನಡೂ ಮಧ್ಯೆ ಬೀಳುತ್ತೆ."

ಬಶೀರರು ಕುಣಿದರು. ನಿಜವಾಗಿಯೂ ಕುಣಿದರು. ಮಂಡಿನೋವಿನ ಕಾಲು ಎತ್ತಿ, ಡಾಕ್ಟರ ಕೈ ಹಿಡಿದೆಳೆದು, ಭಾಭಿಯ ದುಪಟ್ಟದ ಸೆರಗನ್ನು ಬಾವುಟದಂತೆ ಬೀಸಿ. ಡಾಕ್ಟರೂ ಕುಣಿದರು, ಅವರಿಗೆ ನನ್ನ ಮೇಲೆ ಅಷ್ಟು ನಂಬಿಕೆ ಬಂದುಬಿಟ್ಟಿತ್ತು, ಪಾಪ. ನಾನೂ ಕೂತಲ್ಲೇ ಚಪ್ಪಾಳೆ ತಟ್ಟಿದೆ. ಆಮೇಲೆ ಟಿವಿಯಲ್ಲಿ ಅವನು ಒದ್ದ, ಕಂಬ ಟಣ್ ಅಂದಿತು, ಮನೆ ತಣ್ಣಗಾಯಿತು.

ಭಾಭಿ ಬಿಸಿನೀರು ತಂದರು. ಬಶೀರರು ನನ್ನನ್ನು ಹಿತ್ತಲಿನ ನಿಂಬೆಗಿಡದ ಪಕ್ಕ ಕುರ್ಚಿಯಲ್ಲಿ ಕೂರಿಸಿ, ಸೋಪು ಹಚ್ಚಿ, ಎಡಭಾಗವನ್ನು ಬಲು ನಾಜೂಕಾಗಿ ತೆಗೆದರು. ಅರ್ಧ ಮೀಸೆಯ ಮನುಷ್ಯ ಎದ್ದು ಓಡಲಾರ ಎಂಬುದು ಖಾತ್ರಿಯಾದ ಮೇಲೆ ಮೆಲ್ಲಗೆ ಕೇಳಿದರು: "ಅಲ್ರೀ ರಾಯರ, ಬಿದ್ದಿಲ್ಲಂತ ರೇಡಿಯೋದಾಂವ ಖರೇನಽ ಹೇಳಿದ್ನಲ್ಲ. ಮತ್ಯಾಕ ಬೀಳ್ತೈತಿ ಅಂದ್ರಿ?"

ಉಳಿದ ಅರ್ಧ ಮೀಸೆ ಮುಟ್ಟಿಕೊಂಡು ಕೇಳಿದೆ: "ಯಾವಾಗಿಂದ ಗೊತ್ತು?"

"ಮೂರನೇ ಮ್ಯಾಚಿನಿಂದ. ಮೂವತ್ತು ವರ್ಷ ಅಂಗಡ್ಯಾಗ ರೇಡಿಯೋ ಹಚ್ಚಿ ಕುಂತಾಂವ ನಾನು. ಕಿವಿ ಮಿಷನ್ ಯಾವ್ದು, ರೇಡಿಯೋ ಯಾವ್ದು ಗೊತ್ತಾಗಂಗಿಲ್ಲೇನು?"

"ಮತ್ತೆ ಸುಮ್ನೆ ಯಾಕಿದ್ರಿ?"

"ನಿಮ್ಮ ಮೀಸಿ ನೋಡಾಕ. ನೀವು ಬಾಯಿ ಬಿಡೂಕಿಂತ ಮೊದ್ಲ ಅದು ಹೇಳ್ತಿತ್ತು. ಛಲೋ ಸುದ್ದಿ ಬಂದ್ರ ಎರಡೂ ತುದಿ ಮ್ಯಾಲ. ಕೆಟ್ಟ ಸುದ್ದಿ ಬಂದ್ರ ಮಳಿಯಾಗ ನೆಂದ ಕಾಗಿಗತೆ. ಡಾಕ್ಟ್ರು ನಿಮ್ಮ ಮಾತು ಕೇಳ್ತಿದ್ರು, ನಾ ನಿಮ್ಮ ಮೀಸಿ ಓದ್ತಿದ್ದೆ."

ಅಂದರೆ ನಾನು ಬೀಳುತ್ತದೆ ಎಂದಾಗ ಅವರಿಗೆ ಬೀಳುವುದಿಲ್ಲವೆಂದು ತಿಳಿದಿತ್ತು! "ಹಾಗಾದ್ರೆ ಅಷ್ಟು ಕುಣಿದ್ರಲ್ಲ ಸಾಹೇಬ್ರೇ?"

ಬಶೀರರು ನನ್ನ ಮೂಗು ಹಿಡಿದು ಬಲಭಾಗಕ್ಕೆ ಕತ್ತಿ ಇಟ್ಟರು. "ಮೀಸಿ ಕೊಟ್ಟು ನಂಗ ನಲವತ್ತು ಸೆಕೆಂಡು ಕೊಡಿಸೀರಿ. ಕುಣೀಲಿಲ್ಲಂದ್ರ ಹೆಂಗ್ರೀ?"

ಐವತ್ತೆರಡು ವರ್ಷದಲ್ಲಿ ಮೊದಲ ಸಲ ಮೇಲ್ದುಟಿಗೆ ಗಾಳಿ ತಾಗಿತು. ಕಣ್ಣಲ್ಲಿ ನೀರು ಬಂತು. ಸೋಪಿನದು.

ಕ್ಯಾಂಪ್‌ಬೆಲ್ಲಿನಲ್ಲಿ ವಿಮಲ ಬಾಗಿಲು ತೆಗೆದು, ಒಂದು ಕ್ಷಣ ನೋಡಿ, "ಯಾರು ಬೇಕಿತ್ತು?" ಎಂದಳು. ಆಮೇಲೆ ನಗು ತಡೆಯಲಾಗದೆ, "ಅಯ್ಯೋ, ಥೇಟ್ ನಿಮ್ಮ ಅಕ್ಕ!" ಎಂದು ಬಾಗಿಲಿಗೇ ಒರಗಿದಳು. ನಾಯಿ ಅಡ್ಡಾಡಿಸುವವರು ಈಗ ನನ್ನನ್ನು ಗುರುತಿಸದೆ ಹೋಗುತ್ತಾರೆ. ಹೊಸ ಮೀಸೆ ಬರುತ್ತಿದೆ, ಬೆಳ್ಳಗೆ, ಅಂಜುತ್ತಾ.

ಸೀಸನ್ ಮುಗಿದಿದ್ದರೂ ಭಾನುವಾರ ಯೂನಿಯನ್ ಸಿಟಿಗೆ ಹೋಗುವುದು ಬಿಟ್ಟಿಲ್ಲ. ಟಿವಿ ಆರಿರುತ್ತದೆ. ರೇಡಿಯೋ ಮನೆಯಲ್ಲೇ ಬಿಟ್ಟು ಹೋಗುತ್ತೇನೆ. ಮೊನ್ನೆ ಬಶೀರರು ಅಭ್ಯಾಸಬಲದಿಂದ ನನ್ನ ಮೂಗಿನ ಕೆಳಗೆ ಇಣುಕಿ, "ಏನೂ ಕಾಣವಲ್ದು" ಎಂದರು. ನನಗೂ ಏನೂ ಕಾಣುತ್ತಿರಲಿಲ್ಲ. ಮುಂದೇನು ಎಂದು ತಿಳಿಯದ ಇಬ್ಬರು ಮುದುಕರು ಹಾಗೇ ಕೂತೆವು, ಒಬ್ಬರು ಟೈರಿನ ಮೇಲೆ, ಒಬ್ಬರು ಸೋಫಾದ ಮೇಲೆ. ಅಷ್ಟರಲ್ಲಿ ಅಡುಗೆಮನೆಯಿಂದ ಕಾದ ಎಣ್ಣೆಗೆ ಮೆಣಸಿನಕಾಯಿ ಬಿದ್ದ ಘಮ ಬಂತು. ಭಜಿ ಇನ್ನೂ ಬಂದಿರಲಿಲ್ಲ. ಅಷ್ಟು ಭವಿಷ್ಯ ಸಾಕೆನಿಸಿತು.